ಆಟದ ಕಾದಂಬರಿಗೂ ಒಂದು ಪೀರಿಯಡ್ ಕೊಡಿ

2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ಜಿಲ್ಲೆ ರಾಜ್ಯಕ್ಕೇ ಮೊದಲು ಬಂತು. ಆ ಶ್ರೇಯಸ್ಸು ಯಾರಿಗೆ ಸಲ್ಲಬೇಕೆಂದು ದೊಡ್ಡವರು ಬಹಿರಂಗವಾಗಿಯೇ ಕಿತ್ತಾಡಿದರು. ಮಕ್ಕಳು ಗೆದ್ದದ್ದು ಸಂತೋಷವೇ. ಆದರೆ ಶಾಲೆಯನ್ನು ಶೇಕಡಾವಾರಿನಿಂದಲೇ ಅಳೆಯುವ ಚಾಳಿ ನಮ್ಮಲ್ಲಿ ಬಲವಾಗಿ ಬೇರೂರಿದೆ. ಸ್ಪೆಷಲ್ ಕ್ಲಾಸ್ ಶುರುವಾಯಿತೆಂದರೆ ಮೊದಲು ಬಲಿಯಾಗುವುದು ಪಿಟಿ ಪೀರಿಯಡ್, ಅದರ ಬೆನ್ನಿಗೇ ಲೈಬ್ರರಿ ಪೀರಿಯಡ್. ಇಂಥದ್ದರಲ್ಲಿ ತರಗತಿಯೊಳಗೆ ಆಟದ ಕಾದಂಬರಿ ಓದಿಸಿ ಎಂದರೆ, ‘ಪೋರ್ಷನ್ ಯಾರು ಮುಗಿಸುತ್ತಾರೆ?’ ಎಂಬ ಪ್ರಶ್ನೆ ಸಿದ್ಧವಾಗಿರುತ್ತದೆ.

ಪಶ್ಚಿಮ ಬಂಗಾಳದವರಿಗೂ ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆಯಿದೆ. ಅಲ್ಲಿ ಬಂಗಾಳಿ ಭಾಷೆಯ ಪೂರಕ ಪಠ್ಯವಾಗಿ ಮತಿ ನಂದಿ ಅವರ ‘ಕೋನಿ’ ಇದೆ. ಅದು ಈಜುಗಾರ್ತಿಯೊಬ್ಬಳ ಕಾದಂಬರಿ. ಗಂಗೆಗೆ ಜನ ಅರ್ಪಿಸಿದ ಮಾವಿನಕಾಯಿಗಳನ್ನು ಹಿಡಿಯಲು ನೀರಿನಲ್ಲೇ ಕಾದಾಡುವ ಬಡಹುಡುಗಿಯನ್ನು ಕೋಚ್ ಕ್ಷಿತೀಶ ಕಾಣುವುದರೊಂದಿಗೆ ಅದು ಆರಂಭವಾಗುತ್ತದೆ. ಹೇಮಾವತಿ ದಡದ ಹೊಳೆನರಸೀಪುರದ ಮಗುವಿಗೆ ಈ ದೃಶ್ಯವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಮುಂದೊಂದು ಕಡೆ, ಇನ್ನಷ್ಟು ಹೊತ್ತು ಈಜಿದರೆ ಮೊಟ್ಟೆ, ಬಾಳೆಹಣ್ಣು, ಟೋಸ್ಟ್ ಕೊಡುತ್ತೇನೆಂದು ಕೋಚ್ ಆಸೆ ತೋರಿಸುತ್ತಾನೆ. ಹುಡುಗಿ ತಿಂಡಿಯ ಬದಲು ದುಡ್ಡನ್ನೇ ಕೊಡಿ ಎನ್ನುತ್ತಾಳೆ, ಮನೆಯಲ್ಲಿ ಹಸಿದವರಿದ್ದಾರೆ. ಹಸಿವನ್ನು ಮುಂದಿಟ್ಟುಕೊಂಡು ಮಗುವನ್ನು ದುಡಿಸಿದ ಈ ಕೋಚ್ ಒಳ್ಳೆಯವನೋ ಕೆಟ್ಟವನೋ? ಬಿಸಿಯೂಟದ ಜೊತೆ ಮೊಟ್ಟೆಯನ್ನೋ ಬಾಳೆಹಣ್ಣನ್ನೋ ತಿನ್ನುವ ಅರಕಲಗೂಡಿನ ಮಕ್ಕಳ ಮುಂದೆ ಈ ಪ್ರಶ್ನೆ ಇಟ್ಟು ನೋಡಿ. ಯಾವ ಗೈಡಿನಲ್ಲೂ ಇಲ್ಲದ ಉತ್ತರಗಳು ಬರುತ್ತವೆ.

ಆಡಲು ಮೈದಾನವೇ ಇಲ್ಲದಿರುವಾಗ ಕಾದಂಬರಿ ಯಾಕೆ ಎನ್ನುವವರಿದ್ದಾರೆ. ಮೈದಾನ ಬೇಕೇ ಬೇಕು, ಅದಕ್ಕೆ ಜಗಳವನ್ನೂ ಆಡೋಣ. ಆದರೆ ಮೈದಾನ ಇರುವ ಶಾಲೆಯಲ್ಲೂ ಹೋಬಳಿ ಮಟ್ಟದ ಕಬಡ್ಡಿಯಲ್ಲಿ ಸೋತು ಟೆಂಪೋದಲ್ಲಿ ಮೌನವಾಗಿ ಊರಿಗೆ ಮರಳುವ ಮಗುವಿನ ಜೊತೆ ಆ ಸೋಲಿನ ಬಗ್ಗೆ ಮಾತಾಡುವವರು ಯಾರು? ಎಂಟನೇ ತರಗತಿಗೆ ಬಂದೊಡನೆ ‘ಸಾಕಮ್ಮ ಆಟ’ ಎನ್ನಿಸಿಕೊಳ್ಳುವ ಹುಡುಗಿಯ ಜೊತೆ? ಆ ಕೆಲಸವನ್ನು ಕಥೆ ಮಾಡಬಲ್ಲದು.

ಹಣವೇ ಇಲ್ಲ ಎನ್ನುವಂತೆಯೂ ಇಲ್ಲ. ಸಮಗ್ರ ಶಿಕ್ಷಾ ಮಾರ್ಗಸೂಚಿಯಲ್ಲಿ ಗ್ರಂಥಾಲಯಕ್ಕೆ ಶಾಲೆಯ ಹಂತ ನೋಡಿಕೊಂಡು ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ, ಆಟದ ಸಾಮಗ್ರಿಗೆ 5,000ದಿಂದ 25,000 ರೂಪಾಯಿವರೆಗೆ ಅವಕಾಶವಿದೆ. ಈ ಎರಡು ಬಾಬ್ತುಗಳನ್ನು ನೋಡಿಕೊಳ್ಳುವವರು ಕೂತು ಮಾತಾಡುವುದೇ ಇಲ್ಲ. ಪುಸ್ತಕ ಆರಿಸುವ ಹೊತ್ತಿಗೆ ಆಟ ಎಂದರೆ ತಾರೆಯರ ಜೀವನಚರಿತ್ರೆ ಎಂದಾಗಿಬಿಡುತ್ತದೆ. ನಮ್ಮ ಜಿಲ್ಲೆಯ ಜಾವಗಲ್ಲಿನ ಹೆಸರು ಹೊತ್ತ ಶ್ರೀನಾಥ್ ಟೆಸ್ಟ್‌ನಲ್ಲಿ 236 ವಿಕೆಟ್ ತೆಗೆದದ್ದು ನಮಗೆಲ್ಲ ಹೆಮ್ಮೆ. ಆದರೆ ತಂಡಕ್ಕೇ ಆಯ್ಕೆಯಾಗದ ಮಗುವಿಗೆ ಬೇಕಾದದ್ದು ಬೇರೆ. ‘ತೊತ್ತೋ-ಚಾನ್’ನಲ್ಲಿ ಮೈ ಬೆಳೆಯದ ತಕಹಾಶಿ ಕ್ರೀಡಾಕೂಟದಲ್ಲಿ ಎಲ್ಲರನ್ನೂ ಸೋಲಿಸುತ್ತಾನೆ. ಆಟಗಳನ್ನು ಹೆಡ್ಮಾಸ್ಟರೇ ಹಾಗೆ ಹೊಂದಿಸಿರುತ್ತಾರೆ, ಬಹುಮಾನ ತರಕಾರಿ. ಆ ಪುಸ್ತಕ ಕನ್ನಡದಲ್ಲೇ ಇದೆ. ಕ್ರಿಕೆಟ್ಟಿನ ಹುಚ್ಚು ಹಿಡಿದ ಆರ್. ಕೆ. ನಾರಾಯಣರ ಸ್ವಾಮಿಯೂ ಕನ್ನಡದಲ್ಲಿದ್ದಾನೆ.

ನಮ್ಮ ಲೇಖಕರ ಮೇಲೂ ನನಗೆ ತಕರಾರಿದೆ. ಅರಕಲಗೂಡು ಮನೆತನದ ಅನಕೃ ‘ಸಂಧ್ಯಾರಾಗ’ ಬರೆದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದ ಭೈರಪ್ಪ ‘ಮಂದ್ರ’ ಬರೆದರು. ಹಾಡುವವರಿಗೆ ಇಷ್ಟು ದೊಡ್ಡ ಕಾದಂಬರಿಗಳು ದಕ್ಕಿದ ಈ ಸೀಮೆಯಲ್ಲಿ ಖೋ ಖೋ ಆಡುವ ಹುಡುಗಿ ಕಥಾನಾಯಕಿಯಾಗುವುದು ಯಾವಾಗ?

ಓದಿಸುವ ರೀತಿಯ ಬಗ್ಗೆಯೂ ಒಂದು ಮಾತು. ಪಾಠದ ಕೊನೆಗೆ ‘ಈ ಕಥೆಯ ನೀತಿಯೇನು?’ ಎಂದು ಕೇಳಿದರೆ ಕಾದಂಬರಿ ಅಲ್ಲೇ ಸತ್ತುಹೋಗುತ್ತದೆ. ಪಿಟಿ ಮೇಷ್ಟ್ರು ವಾರಕ್ಕೊಂದು ಅಧ್ಯಾಯ ಗಟ್ಟಿಯಾಗಿ ಓದಲಿ, ಕನ್ನಡ ಮೇಡಂ ಮಕ್ಕಳ ಜೊತೆ ಕೂತು ಕೇಳಲಿ. ಪಂದ್ಯದ ಮಧ್ಯೆ ಓದು ನಿಲ್ಲಿಸಿ ಮುಂದೇನಾಗಬೇಕೆಂದು ಮಕ್ಕಳೇ ವಾದಿಸಲಿ. ಅಂಕ ಬೇಡ.

ಈ ಸಾಲಿನ ಗ್ರಂಥಾಲಯದ ಹಣ ಖರ್ಚಾಗುವ ಮುನ್ನ ಹಾಸನದ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಎಂಟೂ ತಾಲ್ಲೂಕುಗಳ ಕನ್ನಡ ಮತ್ತು ದೈಹಿಕ ಶಿಕ್ಷಕರನ್ನು ಒಟ್ಟಿಗೆ ಕೂರಿಸಿ ಪಟ್ಟಿ ಮಾಡಲಿ. ‘ಕೋನಿ’ಯ ಅಗ್ಗದ ಕನ್ನಡ ಆವೃತ್ತಿಯೊಂದು ಶಾಲೆಗಳಿಗೆ ಬರಲಿ. ಪಟ್ಟಿಗೆ ಸಹಿ ಬೀಳುವ ಮೊದಲು ಆ ಪುಸ್ತಕಗಳನ್ನು ಎಂಟನೇ ತರಗತಿಯ ಹುಡುಗಿಯರ ಕೈಗೆ ಕೊಡಲಿ. ಅವರು ಬೇಡವೆಂದದ್ದನ್ನು ತೆಗೆದುಹಾಕಲಿ.