ಮನೆಯ ಫೈರ್‌ವಾಲಿಗೆ ಕಿರುಯಂತ್ರ: ಕೊಳ್ಳತಕ್ಕದ್ದೆ?

ಫೈಬರ್ ತಂತಿಯನ್ನು ಮನೆಯೊಳಕ್ಕೆ ಎಳೆದು, ಸಂಪರ್ಕ ಕೊಟ್ಟ ಸಂಸ್ಥೆಯವರು ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ಹೋದ ಬಿಳಿಯ ಪೆಟ್ಟಿಗೆಯೊಂದನ್ನೇ ನಂಬಿ, ಫೋನು, ಟೀವಿ, ಬಾಗಿಲ ಕ್ಯಾಮೆರಾ, ಮಕ್ಕಳ ಲ್ಯಾಪ್‌ಟಾಪು ಮೊದಲಾದ ಹತ್ತು ಹದಿನೈದು ಉಪಕರಣಗಳನ್ನು ಹಗಲಿರುಳೂ ಹೊರಲೋಕದೊಡನೆ ವ್ಯವಹರಿಸಲು ಬಿಟ್ಟಿರುವ ಗೃಹಸ್ಥರು ಇಂದು ಬೆಂಗಳೂರಿನಲ್ಲಿ ಮಾತ್ರವಲ್ಲದೆ ತಾಲ್ಲೂಕು ಕೇಂದ್ರಗಳಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಯಾರೂ ಬದಲಿಸದೆ ಉಳಿದಿದ್ದ ಕ್ಯಾಮೆರಾಗಳನ್ನೂ ರೌಟರುಗಳನ್ನೂ ವಶಪಡಿಸಿಕೊಂಡ ಮಿರಾಯ್ ಎಂಬ ದುಷ್ಟ ತಂತ್ರಾಂಶವು 2016ರ ಅಕ್ಟೋಬರ್ 21ರಂದು ಜಾಲತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಅಮೆರಿಕದ ಸಂಸ್ಥೆಯ ಮೇಲೆ ಎಸಗಿದ ದಾಳಿಯಿಂದ ಆ ದೇಶದ ಹೆಸರಾಂತ ಜಾಲತಾಣಗಳೇ ಗಂಟೆಗಟ್ಟಲೆ ತೆರೆಯದಾದುದನ್ನು ನೆನೆದರೆ, ಬಾಗಿಲಿನಲ್ಲಿ ಸ್ವಂತದ್ದೊಂದು ಫೈರ್‌ವಾಲ್ ಇರಬೇಕೆಂಬ ಅಪೇಕ್ಷೆಯನ್ನು ಅತಿಶಯವೆನ್ನಲಾಗದು. ಅಷ್ಟರಮಟ್ಟಿಗೆ ಉಭಯ ಪಕ್ಷಗಳಿಗೂ ಸಮ್ಮತಿ ಇದೆ. ವಿವಾದವಿರುವುದು ಅದಕ್ಕಾಗಿ ಅಲ್ಪವಿದ್ಯುತ್ತಿನ ಕಿರುಯಂತ್ರವನ್ನು ಹೊಸದಾಗಿ ಕೊಳ್ಳತಕ್ಕದ್ದೇ, ಮನೆಯಲ್ಲಿರುವ ಹಳೆಯ ಡೆಸ್ಕ್‌ಟಾಪಿನಲ್ಲಿಯೇ ಕೆಲಸ ಸಾಗಿಸತಕ್ಕದ್ದೇ ಎಂಬುದರಲ್ಲಿ.

ಪರ

ಹಳೆಯ ಡೆಸ್ಕ್‌ಟಾಪು ಯಾವ ಕೆಲಸವೂ ಇಲ್ಲದೆ ಸುಮ್ಮನೆ ಚಾಲೂ ಆಗಿರುವಾಗಲೂ 60 ವ್ಯಾಟಿನಷ್ಟು ಸೇವಿಸುವುದು ಅಪೂರ್ವವೇನಲ್ಲ. ಅಂಗೈಯಗಲದ ಕಿರುಯಂತ್ರವಾದರೋ ಅದೇ ಕಾರ್ಯವನ್ನು 10 ವ್ಯಾಟಿನ ಆಸುಪಾಸಿನಲ್ಲಿ ನಿರ್ವಹಿಸುತ್ತದೆ. ಫೈರ್‌ವಾಲನ್ನು ರಾತ್ರಿ ಆರಿಸಿ ಬೆಳಿಗ್ಗೆ ಹಾಕುವಂತಿಲ್ಲವಾದುದರಿಂದ, ತಿಂಗಳು ತುಂಬುವುದರೊಳಗೆ ಮೊದಲನೆಯದು 43 ಯುನಿಟ್ಟುಗಳನ್ನೂ ಎರಡನೆಯದು 7 ಯುನಿಟ್ಟುಗಳನ್ನೂ ಮೀಟರಿಗೆ ಏರಿಸಿರುತ್ತವೆ. ಯುನಿಟ್ಟಿಗೆ ಆರು ರೂಪಾಯಿಯೆಂದು ಹಿಡಿದರೆ ವರ್ಷಕ್ಕೆ ಸುಮಾರು 2,600 ರೂಪಾಯಿಗಳ ಅಂತರ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳಿಗೆ ಇದರಿಂದೇನು ಎನ್ನುವವರು ಆ ಯೋಜನೆಯ ನಿಯಮವನ್ನು ಮತ್ತೊಮ್ಮೆ ಓದುವುದೊಳ್ಳೆಯದು: ತಿಂಗಳ ಬಳಕೆ 200 ಯುನಿಟ್ಟುಗಳ ಎಲ್ಲೆಯನ್ನು ದಾಟಿತೆಂದರೆ ಬಿಲ್ಲು ಪೂರ್ತಿಯಾಗಿ ತಲೆಯ ಮೇಲೆ ಬೀಳುತ್ತದೆ. 170ರಲ್ಲಿ ನಿಂತಿದ್ದ ಕುಟುಂಬವನ್ನು ಗಡಿಯಾಚೆಗೆ ತಳ್ಳುವುದಕ್ಕೆ ಮೂಲೆಯಲ್ಲಿ ಗುಯ್‌ಗುಡುವ ಡೆಸ್ಕ್‌ಟಾಪೊಂದೇ ಸಾಕು.

ಹಣಕ್ಕಿಂತ ಮಿಗಿಲಾದ ಪ್ರಶ್ನೆ ಕರೆಂಟು ಹೋದಾಗಿನದು. ಸಾಧಾರಣ ಯುಪಿಎಸ್ಸಿನೊಳಗಿರುವ 12 ವೋಲ್ಟಿನ 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅಡಗಿರುವ ಶಕ್ತಿ ಕಾಗದದ ಮೇಲೆ 84 ವ್ಯಾಟ್-ಅವರ್ ಮಾತ್ರ. ಕಿರುಯಂತ್ರವೂ ಫೈಬರಿನ ಪೆಟ್ಟಿಗೆಯೂ ಕೂಡಿ 20 ವ್ಯಾಟ್ ಎಳೆದರೆ, ನಷ್ಟವನ್ನೆಲ್ಲ ಕಳೆದೂ ಎರಡು ಮೂರು ಗಂಟೆಗಳ ಕಾಲ ಸಂಪರ್ಕ ಉಳಿಯುತ್ತದೆ. ಡೆಸ್ಕ್‌ಟಾಪನ್ನು ಅದಕ್ಕೆ ಗಂಟುಹಾಕಿ ನೋಡಿ, ಒಂದು ಗಂಟೆಯೂ ಬಾರದು. ಅಪರಾಹ್ನದ ಹೊತ್ತಿನಲ್ಲಿ ಲೈನು ದುರಸ್ತಿಯೆಂದು ವಿದ್ಯುತ್ತನ್ನು ನಿಲ್ಲಿಸುವ ಊರುಗಳಲ್ಲಿ ಮನೆಯಿಂದಲೇ ಉದ್ಯೋಗ ಮಾಡುವವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಇತಿಹಾಸವೂ ನಮ್ಮ ಕಡೆಗಿದೆ. ಮ್ಯಾನುಯೆಲ್ ಕ್ಯಾಸ್ಪರ್ ಎಂಬ ಸ್ವಿಸ್ ತಂತ್ರಜ್ಞರು 2003ರಲ್ಲಿ ಎಂ0ಎನ್0ವಾಲ್ ಎಂಬ ಫೈರ್‌ವಾಲ್ ತಂತ್ರಾಂಶವನ್ನು ಲೋಕಕ್ಕೆ ಕೊಟ್ಟಾಗ ಅವರ ಕಣ್ಣಮುಂದಿದ್ದುದು ಸೋಕ್ರಿಸ್ ಮೊದಲಾದವರು ತಯಾರಿಸುತ್ತಿದ್ದ, ಫ್ಯಾನೂ ಇಲ್ಲದ ಹಾರ್ಡ್‌ಡಿಸ್ಕೂ ಇಲ್ಲದ ಪುಟ್ಟ ಬೋರ್ಡುಗಳೇ. ಅನಂತರ ಪಿಸಿ ಎಂಜಿನ್ಸ್ ಎಂಬ ಸ್ವಿಸ್ ಸಂಸ್ಥೆಯ ಅಲಿಕ್ಸ್, ಅದರ ತರುವಾಯ ಅದೇ ಸಂಸ್ಥೆಯ ಎಪಿಯು ಬೋರ್ಡುಗಳು ಸಹಸ್ರಾರು ಮನೆಗಳ ಬಾಗಿಲನ್ನು ವರ್ಷಾನುಗಟ್ಟಲೆ ಮೌನವಾಗಿ ಕಾದವು. ಇಂದು ಅವುಗಳ ಸ್ಥಾನವನ್ನು ಆಕ್ರಮಿಸಿರುವುದು 2023ರಲ್ಲಿ ಬಂದ ಇಂಟೆಲ್ ಎನ್100 ಮತ್ತು ಅದರ ಸೋದರ ಪ್ರೊಸೆಸರುಗಳುಳ್ಳ ಪೆಟ್ಟಿಗೆಗಳು: ಶಾಖವನ್ನು ಹೊರದೂಡಲು ಮೈತುಂಬ ಏಣುಗಳಿರುವ ಅಲ್ಯೂಮಿನಿಯಮ್ ಕವಚ, ಹಿಂಬದಿಯಲ್ಲಿ ಸಾಲಾಗಿ ನಾಲ್ಕು ನೆಟ್‌ವರ್ಕ್ ಪೋರ್ಟುಗಳು, ಪಕ್ಕದಲ್ಲಿ 12 ವೋಲ್ಟಿನ ದುಂಡುಪಿನ್ನು, ಇಷ್ಟೆ. ಧೂಳನ್ನು ಒಳಗೆಳೆದು ಸದ್ದು ಮಾಡುವ ಫ್ಯಾನೇ ಇಲ್ಲವಾದ್ದರಿಂದ ಮನೆಯವರಿಂದ ದೂರು ಬರುವ ಸಂಭವವೂ ಕಡಿಮೆ. ನಾಲ್ಕು ಕಂಪ್ಯೂಟರುಗಳ ಗೃಹವೊಂದನ್ನು ಕಾಯುವುದಕ್ಕೆ ಡೆಸ್ಕ್‌ಟಾಪನ್ನು ಹೂಡುವುದೆಂದರೆ ಬೆಟ್ಟ ಅಗೆದು ಇಲಿ ಹಿಡಿದಂತೆಯೇ.

ವಿರೋಧ

ಇಲಿಯ ಮಾತು ಸೊಗಸಾಗಿದೆ; ಆದರೆ ಬೆಟ್ಟ ನಮ್ಮ ಮನೆಯಲ್ಲಿಯೇ ಇದೆ, ಅದಕ್ಕೆ ಹಣ ಕೊಡಬೇಕಾಗಿಲ್ಲ ಎಂಬುದನ್ನು ಪರಪಕ್ಷದವರು ಮರೆತಂತಿದೆ. ಕಿರುಯಂತ್ರವು 15,000 ರೂಪಾಯಿಗೆ ದೊರೆಯಿತೆಂದೇ ಇಟ್ಟುಕೊಳ್ಳೋಣ. ವರ್ಷಕ್ಕೆ 2,600 ಉಳಿದರೆ ಕೊಟ್ಟ ಹಣ ಹಿಂದಿರುಗಲು ಆರು ವರ್ಷಗಳು ಹಿಡಿಯುತ್ತವೆ. 110 ಯುನಿಟ್ಟಿನಿಂದ 150ಕ್ಕೆ ಏರುವ ಮನೆಯವರು 200ರ ಭಯವನ್ನು ಇಟ್ಟುಕೊಳ್ಳಬೇಕಾಗಿಯೂ ಇಲ್ಲ. ಇನ್ನು ಎನ್100ರ ಹೆಸರಿನೊಡನೆ ಸಾರುವ 6 ವ್ಯಾಟೆಂಬುದು ಪ್ರೊಸೆಸರಿನದು ಮಾತ್ರ. ನಾಲ್ಕು ಪೋರ್ಟು, ಮೆಮೊರಿ, ಡಿಸ್ಕು, ಅಡಾಪ್ಟರಿನ ನಷ್ಟ ಇವೆಲ್ಲ ಸೇರಿ ಗೋಡೆಯ ಪ್ಲಗ್ಗಿನಲ್ಲಿ ಅಳೆದರೆ ಅದು ಇಮ್ಮಡಿಯಾಗುವುದುಂಟು.

ಆ ಆರು ವರ್ಷಗಳ ಕಾಲ ಯಂತ್ರ ಬಾಳಬಲ್ಲುದೇ ಎಂಬುದಲ್ಲವೇ ಕೇಳಬೇಕಾದ ಪ್ರಶ್ನೆ? ಪರಪಕ್ಷವು ಕೊಂಡಾಡಿದ ಅಲಿಕ್ಸ್ ಬೋರ್ಡಿನ ಚರಿತ್ರೆಯನ್ನೇ ಪೂರ್ತಿಯಾಗಿ ಹೇಳೋಣ. 500 ಮೆಗಾಹರ್ಟ್ಸಿನ ಜಿಯೋಡ್ ಪ್ರೊಸೆಸರು, 256 ಎಂಬಿ ಮೆಮೊರಿ, 100 ಮೆಗಾಬಿಟ್ಟಿನ ಪೋರ್ಟುಗಳು: ಅಂದಿನ ದೂರವಾಣಿ ತಂತಿಯ ಬ್ರಾಡ್‌ಬ್ಯಾಂಡಿಗೆ ಅದು ಧಾರಾಳವೇ ಆಗಿತ್ತು, ಫೈಬರ್ ಬಂದೊಡನೆ ಉಸಿರುಕಟ್ಟಿತು. ಅಷ್ಟರಲ್ಲಿಯೇ, 2017ರಲ್ಲಿ ಪಿಎಫ್‌ಸೆನ್ಸ್ ಎಂಬ ಫೈರ್‌ವಾಲ್ ತಂತ್ರಾಂಶವು ತನ್ನ 2.4ನೆಯ ಆವೃತ್ತಿಯಿಂದ 32 ಬಿಟ್ ಪ್ರೊಸೆಸರುಗಳನ್ನು ಕೈಬಿಟ್ಟಿತು, ಸುಸ್ಥಿತಿಯಲ್ಲಿದ್ದ ಬೋರ್ಡುಗಳು ಹೊಸ ತಂತ್ರಾಂಶಕ್ಕೆ ಅನರ್ಹವಾದವು. ಆ ಪಿಎಫ್‌ಸೆನ್ಸಾದರೂ 2004ರಲ್ಲಿ ಎಂ0ಎನ್0ವಾಲಿನಿಂದ ಕವಲೊಡೆದು ಹುಟ್ಟಿದ್ದು ಏತಕ್ಕೆ? ಪುಟ್ಟ ಬೋರ್ಡುಗಳ ಇಕ್ಕಟ್ಟಿನಿಂದ ಹೊರಬಂದು, ಪೂರ್ಣಪ್ರಮಾಣದ ಪಿಸಿಯ ಸಾಮರ್ಥ್ಯವನ್ನು ಬಳಸಿಕೊಳ್ಳುವುದಕ್ಕೆ! ಅಲ್ಪವಿದ್ಯುತ್ತಿನವೆಂದು ಖ್ಯಾತಿವೆತ್ತ ಇಂಟೆಲ್ ಆಟಮ್ ಸಿ2000 ಪ್ರೊಸೆಸರುಗಳಲ್ಲಿ ಕಾಲಕ್ರಮೇಣ ಗಡಿಯಾರ-ಸಂಕೇತವೇ ನಿಂತುಹೋಗಿ ಉಪಕರಣ ಮತ್ತೆ ಏಳದಂತಾಗುವ ದೋಷ ಬೆಳಕಿಗೆ ಬಂದುದೂ ಅದೇ 2017ರಲ್ಲಿ ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಡೆಸ್ಕ್‌ಟಾಪಿಗೆ ಇಂಥ ಸಂಕಟವಿಲ್ಲ. ಪವರ್ ಸಪ್ಲೈ ಸುಟ್ಟರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಮಾತ್ರವೇ ಏಕೆ, ಯಾವ ಜಿಲ್ಲಾ ಕೇಂದ್ರದ ಅಂಗಡಿಯಲ್ಲಿಯೂ ಸಂಜೆಯೊಳಗೆ ಬೇರೊಂದು ಸಿಕ್ಕುತ್ತದೆ. ಮೆಮೊರಿ ಹೋದರೆ ಮೆಮೊರಿ, ಇಂಟೆಲ್ ಚಿಪ್ಪಿನ ಎರಡು ಪೋರ್ಟುಗಳ ನೆಟ್‌ವರ್ಕ್ ಕಾರ್ಡು ಬೇಕಾದರೆ ಸೆಕೆಂಡ್‌ಹ್ಯಾಂಡಿನಲ್ಲಿ ಅದು. ಎಲ್ಲವನ್ನೂ ಒಂದೇ ಬೋರ್ಡಿಗೆ ಬೆಸುಗೆ ಹಾಕಿದ, ತಯಾರಕನ ಹೆಸರೂ ಸ್ಪಷ್ಟವಿಲ್ಲದ, ಬಯಾಸ್ ಪರಿಷ್ಕರಣೆಯನ್ನು ಯಾರಲ್ಲಿ ಕೇಳಬೇಕೆಂದೇ ತೋಚದ ಪೆಟ್ಟಿಗೆಯನ್ನು ಭದ್ರತೆಯ ಹೆಸರಿನಲ್ಲಿ ಮನೆಯ ಹೆಬ್ಬಾಗಿಲಿನಲ್ಲಿ ಕೂರಿಸುವುದು ವಿಪರ್ಯಾಸದ ಪರಾಕಾಷ್ಠೆಯೆಂದು ನಮಗೆ ತೋರುತ್ತದೆ. ಫ್ಯಾನಿಲ್ಲದ ಹಿರಿಮೆಯೂ ಊರಿನ ಹವೆಯನ್ನು ಅವಲಂಬಿಸಿದ್ದು; ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿ ರಾಯಚೂರುಗಳಲ್ಲಿ, ಮುಚ್ಚಿದ ಟೀವಿ ಕಪಾಟಿನೊಳಗೆ ಇಟ್ಟ ಆ ಕವಚವನ್ನು ಮುಟ್ಟಿ ನೋಡಿದವರಿಗೆ ಅದು ಗೊತ್ತಾದೀತು.

ಕೊನೆಯದಾಗಿ ವೇಗ. ಬಿಎಸ್‌ಎನ್‌ಎಲ್ ಮೊದಲ್ಗೊಂಡು ನಮ್ಮಲ್ಲಿ ಬಹುಮಂದಿ ಕೊಡುವ ಫೈಬರ್ ಸಂಪರ್ಕ ಹೆಸರು, ಪಾಸ್‌ವರ್ಡು ಕೊಟ್ಟು ಸಂಪರ್ಕ ಪಡೆಯುವ ಪಿಪಿಪಿಒಇ ವಿಧಾನದ್ದು. ಪಿಎಫ್‌ಸೆನ್ಸ್ ಮತ್ತು ಅದೇ ಬಗೆಯ ಓಪಿಎನ್‌ಸೆನ್ಸ್‌ಗಳ ತಳಹದಿಯಾದ ಕಾರ್ಯಾಚರಣ ವ್ಯವಸ್ಥೆ ಫ್ರೀಬಿಎಸ್‌ಡಿಯಲ್ಲಿ ಆ ವಿಧಾನದಿಂದ ಬರುವ ಸಂಚಾರವೆಲ್ಲ ಬಹುಕಾಲ ಒಂದೇ ಕೋರಿನ ಮೇಲೆ ಬೀಳುತ್ತಿತ್ತು. ನಾಲ್ಕು ದುರ್ಬಲ ಕೋರುಗಳುಳ್ಳ ಯಂತ್ರದಲ್ಲಿ ಮೂರು ಕೈಕಟ್ಟಿ ಕುಳಿತು ಒಂದು ಏದುಸಿರು ಬಿಡುವ ದೃಶ್ಯ ಪರಿಚಿತವೇ. ಅದರ ಮೇಲೆ ಸುರಿಕಾಟದಂಥ ಅತಿಕ್ರಮಣ-ಶೋಧಕವನ್ನೂ ಓಡಿಸಿದರೆ ಕೇಳುವಂತೆಯೇ ಇಲ್ಲ.

ಪರಪಕ್ಷದ ಪ್ರತ್ಯುತ್ತರ

ವೇಗದ ಆಕ್ಷೇಪಕ್ಕೆ ಕಾಲವೇ ಉತ್ತರವಿತ್ತಿದೆ: 2025ರ ಪಿಎಫ್‌ಸೆನ್ಸ್ 2.8ರಲ್ಲಿ ಪಿಪಿಪಿಒಇಗೆ ಹೊಸ ಡ್ರೈವರು ಬಂದು ಆ ಭಾರ ಗಣನೀಯವಾಗಿ ಇಳಿದಿದೆ. ಪಿಸಿ ಎಂಜಿನ್ಸ್ ತನ್ನ ಎಪಿಯು ಬೋರ್ಡುಗಳಿಗೆ ಮುಕ್ತಾಯ ಹಾಡುವುದಾಗಿ 2023ರಲ್ಲಿ ಸಾರಿದ ಮೇಲೆಯೂ ಅವು ಕೆಲಸ ನಿಲ್ಲಿಸಲಿಲ್ಲ. 64 ಬಿಟ್ಟಿನ ಸಾಮಾನ್ಯ ಪಿಸಿ ಜಾತಿಯವಾದುದರಿಂದ ತಯಾರಕನು ನಿವೃತ್ತನಾದರೂ ತಂತ್ರಾಂಶ ಸಾಗಿಯೇ ಬರುತ್ತಿದೆ. ಅಲಿಕ್ಸಿಗೆ ಒದಗಿದ ಗತಿ 32 ಬಿಟ್ಟಿನ ಯುಗಾಂತ್ಯದ್ದೇ ಹೊರತು ಕಿರುತನದ್ದಲ್ಲ. ಅದೇ ದಿನ ಹಳೆಯ 32 ಬಿಟ್ ಡೆಸ್ಕ್‌ಟಾಪುಗಳೂ ಅನರ್ಹವಾದವೆಂಬುದನ್ನು ವಿರೋಧಪಕ್ಷದವರು ಜಾಣತನದಿಂದ ಬಿಟ್ಟಿದ್ದಾರೆ.

ನಿರ್ಣಯ

ವಿದ್ಯುತ್ತಿನ ಉಳಿತಾಯವನ್ನೇ ಮುಂದಿಟ್ಟು ವಾದಿಸುವವರು ತಮ್ಮ ಪಕ್ಷದ ಅತ್ಯಂತ ದುರ್ಬಲವಾದ ಕಂಬಕ್ಕೆ ಒರಗಿ ನಿಂತಿದ್ದಾರೆಂದೇ ನನ್ನ ಅಭಿಪ್ರಾಯ; ಆರು ವರ್ಷಗಳ ಲೆಕ್ಕಾಚಾರ ವಿರೋಧಪಕ್ಷಕ್ಕೆ ಸಲ್ಲತಕ್ಕದ್ದು. ಆದರೂ ನಾನು ಕಿರುಯಂತ್ರದ ಕಡೆಗೇ ವಾಲುತ್ತೇನೆ, ಬ್ಯಾಟರಿಯ ಕಾರಣಕ್ಕಾಗಿ. ಕರೆಂಟು ಹೋದ ಅರ್ಧ ಗಂಟೆಯಲ್ಲಿ ಮಲಗಿಬಿಡುವ ಕಾವಲುಗಾರನನ್ನು ಮನೆಯವರು ಎರಡು ಸಲ ಸಹಿಸಿ, ಮೂರನೆಯ ಸಲ ಅದರ ತಂತಿ ಕಿತ್ತು, ಬಿಳಿಯ ಪೆಟ್ಟಿಗೆಗೇ ಎಲ್ಲವನ್ನೂ ನೇರವಾಗಿ ಜೋಡಿಸಿಬಿಡುತ್ತಾರೆ. ಆಮೇಲೆ ಆ ಕಾವಲುಗಾರ ಎಷ್ಟು ಬಲಶಾಲಿಯಾಗಿದ್ದರೇನು? ಬಯಾಸಿನ ಕುರಿತಾದ ಶಂಕೆ ಮಾತ್ರ ಪ್ರತ್ಯುತ್ತರವಿಲ್ಲದೆ ಉಳಿದಿದೆ, ಉಳಿಯುವುದು ನ್ಯಾಯವೂ ಹೌದು. ಆದುದರಿಂದ ಪರಿಷ್ಕರಣೆಯನ್ನು ತನ್ನ ತಾಣದಲ್ಲಿ ಬಹಿರಂಗವಾಗಿ ಪ್ರಕಟಿಸುವ ತಯಾರಕನ ಪೆಟ್ಟಿಗೆಗೆ ಎರಡು ಸಾವಿರ ಹೆಚ್ಚು ಕೊಡಬೇಕಾಗಿ ಬಂದರೂ ಕೊಡತಕ್ಕದ್ದು.

ಕೊಳ್ಳುವ ಮುನ್ನ ಒಂದು ತಿಂಗಳು ಹಳೆಯ ಡೆಸ್ಕ್‌ಟಾಪಿನಲ್ಲಿಯೇ ಓಪಿಎನ್‌ಸೆನ್ಸ್ ಹಾಕಿ, ಸಂಜೆ ಎಲ್ಲರೂ ವಿಡಿಯೋ ನೋಡುವ ಹೊತ್ತಿನಲ್ಲಿ ಪ್ರೊಸೆಸರಿನ ಮೇಲೆ ಬೀಳುವ ಹೊರೆಯನ್ನು ಗಮನಿಸಿದರೆ, ಎಷ್ಟು ಬಲದ ಕಿರುಯಂತ್ರ ಬೇಕೆಂಬುದು ಅಂಗಡಿಯವನನ್ನು ಕೇಳದೆಯೇ ತಿಳಿಯುತ್ತದೆ. ಪರೀಕ್ಷೆ ಮುಗಿದು ಡೆಸ್ಕ್‌ಟಾಪನ್ನು ಗುಜರಿಗೆ ಕೊಡುವಾಗ ಅದರ ಡಿಸ್ಕನ್ನು ಅಳಿಸಿಯೇ ಕೊಡಿ; ನಿಮ್ಮ ಸಂಪರ್ಕದ ಪಾಸ್‌ವರ್ಡೂ ವಿಪಿಎನ್ ಕೀಲಿಗಳೂ ಅದರಲ್ಲಿಯೇ ಕುಳಿತಿರುತ್ತವೆ.