ಮಗುವಿನ ಚೀಟಿ ಯಾರ ಜೇಬಿನಲ್ಲಿ?

ಟೆಂಡರಿನಲ್ಲಿ ಹಾಕಿದ ದರ ಪಕ್ಕದ ವ್ಯಾಪಾರಿಗೆ ಮೊದಲೇ ತಿಳಿಯಬಾರದೆಂಬುದು ಮಂಡಿಯ ಕಟ್ಟಳೆ. ಕೊಬ್ಬರಿಯ ದರಕ್ಕಿರುವ ಈ ಮರ್ಯಾದೆ ಹದಿನಾರು ವರ್ಷದ ಹುಡುಗಿಯ ಕಾಯಿಲೆಗೆ ಇಲ್ಲ.

ಅರಸೀಕೆರೆ, ಬೇಲೂರು, ಹಳೇಬೀಡಿನಂಥ ಊರುಗಳಲ್ಲಿ ಯಾರು ಯಾರ ಮಗಳೆಂಬುದು ಎಲ್ಲರಿಗೂ ಗೊತ್ತು. ಚೀಟಿ ಬರೆಸುವ ಸಾಲಿನಲ್ಲಿ ಹಿಂದೆ ನಿಂತವಳು ಪಕ್ಕದ ಮನೆಯಾಕೆ. ಔಷಧದ ಅಂಗಡಿಯವನು ಅಪ್ಪನ ಗೆಳೆಯ. ಹಣವುಳ್ಳವರ ಮಗಳು ಕಾರಿನಲ್ಲಿ ಬೆಂಗಳೂರಿಗೆ ಹೋಗಿ ಬಾಗಿಲು ಹಾಕಿದ ಕೋಣೆಯಲ್ಲಿ ತನ್ನ ಕಷ್ಟ ಹೇಳಿಕೊಳ್ಳಬಲ್ಲಳು. ಕೂಲಿಯವನ ಮಗಳು ಬಿಳಿ ಹೋಗುತ್ತಿದೆ ಎಂಬ ಮಾತನ್ನು ಹತ್ತು ಜನರ ಮುಂದೆ ಆಡಬೇಕು. ಆಡಲಾರದೆ ತಲೆನೋವೆಂದು ಹೇಳಿ ಎರಡು ಮಾತ್ರೆ ಇಸಿದುಕೊಂಡು ಮನೆಗೆ ಬರುತ್ತಾಳೆ. ಮೇಷ್ಟರಾಗಿದ್ದ ಕಾಲದಲ್ಲಿ ಇಂಥ ತಲೆನೋವಿಗೆ ನಾವೂ ರಜೆ ಕೊಟ್ಟು ಕಳಿಸಿದ್ದುಂಟು. ಅದು ಯಾವ ತಲೆನೋವೆಂದು ಯೋಚಿಸುವ ಬುದ್ಧಿ ಆಗ ನಮಗಿರಲಿಲ್ಲ.

ಬೆಂಗಳೂರಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ಮಂದಿ ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕೆಂದು ಸಾರಿದರು. ಹದಿನೆಂಟು ತುಂಬಿದವರಿಗೆ ಮಾತ್ರ ಎಂದು ಅವರು ಬರೆಯಲಿಲ್ಲ. ಬರೆದದ್ದು ಆಮೇಲೆ ಬಂದ ಕಾಯ್ದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬುವವರೆಗೆ ಎಲ್ಲರೂ ಮಕ್ಕಳೇ. ಮಗುವಿನ ವಿವರಕ್ಕೆ ತಂದೆತಾಯಿಯೂ ಒಡೆಯರೇ. ಎಂಟು ವರ್ಷದ ಕೂಸಿಗೂ ಹದಿನೇಳರ ಹುಡುಗನಿಗೂ ಒಂದೇ ಅಳತೆ!

ಇದೇ ಸರ್ಕಾರದ ಬೇರೆ ಕಾಯ್ದೆಯನ್ನು ನೋಡಿ. 2016ರಲ್ಲಿ ತಿದ್ದಿದ ಬಾಲ ಮತ್ತು ಕಿಶೋರ ಕಾರ್ಮಿಕರ ಕಾಯ್ದೆ, 14 ತುಂಬಿದವರನ್ನು ಅಪಾಯವಲ್ಲದ ಕೆಲಸಕ್ಕೆ ಹಚ್ಚಬಹುದೆನ್ನುತ್ತದೆ. ಹಳೆಯ 1948ರ ಕಾರ್ಖಾನೆ ಕಾಯ್ದೆಯಲ್ಲಂತೂ ಹರೆಯದ ಕೆಲಸಗಾರನ ದೇಹ ಗಟ್ಟಿಯಿದೆಯೆಂದು ವೈದ್ಯರು ಕೊಟ್ಟ ಪ್ರಮಾಣಪತ್ರ ಮ್ಯಾನೇಜರನ ವಶದಲ್ಲಿರಬೇಕೆಂದು ವಿಧಿಸಿತ್ತು. ದುಡಿಯುವಾಗ ದೊಡ್ಡವನು, ಸಂಬಳ ತಂದಾಗ ಮನೆಗೆ ಆಸರೆ. ತನ್ನ ಮೈಯ ವಿಷಯ ವೈದ್ಯರೊಡನೆ ಒಂಟಿಯಾಗಿ ಮಾತಾಡಬೇಕೆಂದಾಗ ಮಾತ್ರ ಮಗು.

ತಂದೆತಾಯಿಯ ಆತಂಕವನ್ನು ನಾವು ಹಗುರವಾಗಿ ಕಾಣುವವರಲ್ಲ. ಪಾಳಿ ಮುಗಿಸಿ ಬಂದು ಸಾಲ ಮಾಡಿ ಆಸ್ಪತ್ರೆಯ ಬಿಲ್ಲು ಕಟ್ಟುವವನು ಅಪ್ಪ. ಹಗಲಿರುಳು ಮಂಚದ ಪಕ್ಕ ಕೂರುವವಳು ಅವ್ವ. ಶಸ್ತ್ರಚಿಕಿತ್ಸೆಯಾಗಬೇಕಾದಾಗ, ಜೀವಕ್ಕೆ ಅಪಾಯವಿದ್ದಾಗ ಅವರಿಗೆ ತಿಳಿಯಲೇಬೇಕು. ಆದರೆ ಎಲ್ಲ ಮಾತೂ ಮನೆಗೆ ಮುಟ್ಟುತ್ತದೆಂದು ಗೊತ್ತಾದ ಮಗು ಅಪ್ಪನಿಗೆ ಹೇಳುವುದಿಲ್ಲ, ವೈದ್ಯರಿಗೂ ಹೇಳುವುದಿಲ್ಲ. ಕಿರುಕುಳ ಕೊಡುವವನು ಮನೆಯೊಳಗೇ ಇದ್ದರಂತೂ ಅವಳ ಬಾಯಿ ಹೊಲಿದಂತೆಯೇ ಸರಿ.

1971ರ ಗರ್ಭಪಾತದ ಕಾಯ್ದೆ 18 ತುಂಬದವಳಿಗೆ ಪೋಷಕರ ಲಿಖಿತ ಒಪ್ಪಿಗೆ ಕೇಳುತ್ತದೆ. 2012ರ ಪೋಕ್ಸೊ ಕಾಯ್ದೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕೆನ್ನುತ್ತದೆ. ಪೊಲೀಸೆಂದರೆ ಹೆದರುವ ಬಡವರು ಮಗಳನ್ನು ಯಾವನೋ ನಕಲಿ ವೈದ್ಯನ ಕೈಗೆ ಕೊಡುತ್ತಾರೆ. ಇದನ್ನರಿತೇ ಸರ್ವೋಚ್ಚ ನ್ಯಾಯಾಲಯ 2022ರ ಸೆಪ್ಟೆಂಬರ್ 29ರಂದು, ಹುಡುಗಿಯೂ ಪೋಷಕರೂ ಕೋರಿದರೆ ವೈದ್ಯರು ಪೊಲೀಸರಿಗೆ ಕೊಡುವ ವರದಿಯಲ್ಲಿ ಅವಳ ಹೆಸರು, ಗುರುತು ಬರೆಯಬೇಕಿಲ್ಲ ಎಂದಿತು. ನಮ್ಮ ತಾಲ್ಲೂಕುಗಳ ಎಷ್ಟು ಮನೆಗಳಿಗೆ ಈ ಸುದ್ದಿ ಮುಟ್ಟಿದೆ? ಇಂಗ್ಲೆಂಡಿನಲ್ಲಿ ಗಿಲ್ಲಿಕ್ ಎಂಬ ತಾಯಿ ಹೂಡಿದ ಮೊಕದ್ದಮೆಯಲ್ಲಿ ಲಾರ್ಡ್ಸ್ ಸಭೆಯ ನ್ಯಾಯಾಧೀಶರು 1985ರಲ್ಲೇ, 16 ತುಂಬದವರಿಗೂ ತಿಳಿವಳಿಕೆ ಬಲಿತಿದ್ದರೆ ತಮ್ಮ ಚಿಕಿತ್ಸೆಗೆ ತಾವೇ ಒಪ್ಪಬಹುದೆಂದರು. ವಯಸ್ಸಲ್ಲ, ತಿಳಿವಳಿಕೆ ಅಳತೆಯಾಗಲಿ ಎಂಬುದೇ ನಮ್ಮ ಬೇಡಿಕೆಯೂ.

ಕಾಯ್ದೆ ತಿದ್ದುಪಡಿಯಾಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. 2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗೆಂದೇ ಇದೆ. ನಮ್ಮ ರಾಜ್ಯದಲ್ಲಿ ಅದರ ಚಿಕಿತ್ಸಾಲಯಕ್ಕೆ ಸ್ನೇಹ ಕ್ಲಿನಿಕ್ ಎಂದು ಹೆಸರು. ಅಲ್ಲಿ ಗುಟ್ಟು ಕಾಯಬೇಕೆಂಬುದು ಸರ್ಕಾರದ್ದೇ ನಿಯಮ. ಅದಕ್ಕೊಂದು ಬಾಗಿಲಿರುವ ಕೋಣೆ ಬೇಕು. ಶಾಲೆ ಬಿಟ್ಟ ಮೇಲೆ, ಪಾಳಿ ಮುಗಿದ ಮೇಲೆ ಅದು ತೆರೆದಿರಬೇಕು. ಹೆಸರು ಕೂಗುವ ಬದಲು ನಂಬರು ಕೂಗಬೇಕು. ಮನೆಗೆಲ್ಲ ಒಂದೇ ಮೊಬೈಲಿದ್ದರೆ ಪರೀಕ್ಷೆಯ ಫಲಿತಾಂಶವನ್ನು ಅದಕ್ಕೆ ಕಳಿಸುವ ಮುನ್ನ ಮಗುವನ್ನು ಒಂದು ಮಾತು ಕೇಳಬೇಕು. ಇದಕ್ಕೆಲ್ಲ ಕೋಟಿ ರೂಪಾಯಿ ಬೇಕಿಲ್ಲ. ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಯಲ್ಲಿ ನಿಮ್ಮ ಊರಿನ ಪ್ರತಿನಿಧಿ ಯಾರೆಂದು ವಿಚಾರಿಸಿ, ಮುಂದಿನ ಸಭೆಗೆ ಮೊದಲು ಅವರ ಮನೆ ಬಾಗಿಲು ತಟ್ಟಿ.