ಜಂಟಿ ರಿಟರ್ನ್: ಉಳಿತಾಯದ ಜೊತೆಗೆ ಹೊಣೆಯೂ ಜಂಟಿ

ಭಾರತದಲ್ಲಿ ಪತಿ ಪತ್ನಿಯರು ಆದಾಯ ತೆರಿಗೆ ರಿಟರ್ನ್‌ಗಳನ್ನು ಪ್ರತ್ಯೇಕವಾಗಿಯೇ ಸಲ್ಲಿಸಬೇಕು. ಅಮೆರಿಕದ ಪದ್ಧತಿ ಬೇರೆ. ಡಿಸೆಂಬರ್ 31ರಂದು ವಿವಾಹಿತರಾಗಿದ್ದವರನ್ನು ಅಲ್ಲಿನ ಕಾನೂನು ಇಡೀ ವರ್ಷಕ್ಕೆ ವಿವಾಹಿತರೆಂದೇ ಪರಿಗಣಿಸುತ್ತದೆ. ರಿಟರ್ನ್ ಜಂಟಿಯೋ ಪ್ರತ್ಯೇಕವೋ ಎಂಬುದನ್ನು ದಂಪತಿಯೇ ನಿರ್ಧರಿಸಬೇಕು.

ಲೆಕ್ಕಾಚಾರ ಸಾಮಾನ್ಯವಾಗಿ ಜಂಟಿ ರಿಟರ್ನ್‌ನ ಪರವಾಗಿರುತ್ತದೆ. 2025ರ ಆದಾಯಕ್ಕೆ ಜಂಟಿ ಸ್ಟ್ಯಾಂಡರ್ಡ್ ಡಿಡಕ್ಷನ್ 31,500 ಡಾಲರ್, ಪ್ರತ್ಯೇಕವಾದರೆ 15,750. ಪ್ರತ್ಯೇಕವಾಗಿ ಸಲ್ಲಿಸುವವರಿಗೆ ಶಿಕ್ಷಣ ಸಾಲದ ಬಡ್ಡಿಯ ರಿಯಾಯಿತಿಯೂ ಇಲ್ಲ.

ಹಾಗಿದ್ದರೆ ತೊಡಕೆಲ್ಲಿ? ಪತಿ ಕ್ಯಾಲಿಫೋರ್ನಿಯಾದ ನಿವಾಸಿ. ಪತ್ನಿ ವೀಸಾಕ್ಕೆ ಕಾಯುತ್ತ ಬೆಂಗಳೂರಿನಲ್ಲೇ ಉದ್ಯೋಗದಲ್ಲಿದ್ದಾರೆ ಎನ್ನೋಣ. ಜಂಟಿ ರಿಟರ್ನ್ ಬೇಕೆಂದರೆ, ತೆರಿಗೆಯ ಮಟ್ಟಿಗೆ ಆಕೆಯೂ ಅಮೆರಿಕದ ನಿವಾಸಿಯೆಂದು ಇಬ್ಬರೂ ಸಹಿ ಹಾಕಿ ಒಪ್ಪಬೇಕು. ಆಗ ಆಕೆಯ ಬೆಂಗಳೂರಿನ ಸಂಬಳ, ಠೇವಣಿಯ ಬಡ್ಡಿ ಎಲ್ಲವನ್ನೂ ಅಲ್ಲಿ ತೋರಿಸಬೇಕಾಗುತ್ತದೆ. ಇಲ್ಲಿ ಕಟ್ಟಿದ ತೆರಿಗೆಯನ್ನು ಮಿತಿಗೊಳಪಟ್ಟು ಅಲ್ಲಿ ಹೊಂದಿಸಿಕೊಳ್ಳಬಹುದೆಂಬುದು ನಿಜ. ಆದರೆ ಹೊಣೆ ಹಂಚಿಹೋಗುವುದಿಲ್ಲ. ಪತಿ ಆದಾಯ ಮುಚ್ಚಿಟ್ಟಿದ್ದರೂ ಪೂರ್ಣ ಬಾಕಿಯನ್ನು ಪತ್ನಿಯಿಂದ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ. ವಿಚ್ಛೇದನವಾದರೂ ಆ ಹೊಣೆ ತಾನಾಗಿ ಕಳಚದು. ನಿರಪರಾಧಿ ಸಂಗಾತಿಗೆ ಪರಿಹಾರವುಂಟು. ಅದಕ್ಕೆ ಅರ್ಜಿ ಹಾಕಿ ಸಮರ್ಥಿಸಿಕೊಳ್ಳಬೇಕು.

ಇಲ್ಲೊಂದು ಗಮನಾರ್ಹ ವ್ಯತ್ಯಾಸವಿದೆ. ಪ್ರತ್ಯೇಕ ರಿಟರ್ನನ್ನು ಸಾಮಾನ್ಯವಾಗಿ ಮೂರು ವರ್ಷಗಳೊಳಗೆ ಜಂಟಿಯಾಗಿ ಬದಲಿಸಿಕೊಳ್ಳಬಹುದು. ಜಂಟಿ ರಿಟರ್ನನ್ನು ಸಲ್ಲಿಕೆಯ ಗಡುವಿನ ನಂತರ ಪ್ರತ್ಯೇಕಗೊಳಿಸುವಂತಿಲ್ಲ. ಪರಸ್ಪರರ ಹಣಕಾಸಿನ ಪರಿಚಯವೇ ಇನ್ನೂ ಆಗಿರದ ನವದಂಪತಿಗೆ, ಮೊದಲ ವರ್ಷ ಪ್ರತ್ಯೇಕ ರಿಟರ್ನ್ ತುಸು ದುಬಾರಿಯಾದರೂ ಹಿಂದಿರುಗುವ ದಾರಿಯನ್ನು ತೆರೆದಿಡುತ್ತದೆ.